ಬೆಂಕಿಪುರದ ಬೇಸಿಗೆ ಮತ್ತು ಒಂದು ಲೋಟ ನಿಂಬೆ ಶರಬತ್ತು

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. 1923ರಲ್ಲಿ ಇಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಮಲೆನಾಡಿನ ಕಾಡುಗಳ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಭದ್ರಾ ನದಿಯ ನೀರನ್ನು ನಂಬಿ ಆ ಕುಲುಮೆ ಉರಿಯಿತು. ಅದರ ಮುಂದೆ ಎಲ್ಲ ಸಮುದಾಯಗಳ ಜನರೂ ಬೆವರು ಸುರಿಸಿದರು. ಪಾಳಿ ಮುಗಿಸಿ ಮನೆಗೆ ಬಂದ ಹಿರಿಯರ ಕೈಗೆ ಹೂಜಿಯ ನೀರಿನಲ್ಲಿ ನಿಂಬೆ, ಸಕ್ಕರೆ ಮತ್ತು ಚಿಟಿಕೆ ಉಪ್ಪು ಬೆರೆಸಿದ ಶರಬತ್ತನ್ನು ಕೊಡುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬಳಿ ಓದುವ ಬಾಲಕನೊಬ್ಬನು, "ಹಜ್ರತ್, ಪಾನಕ ಅವರದು, ಶರಬತ್ತು ನಮ್ಮದು, ಅಲ್ಲವೇ?" ಎಂದು ಕೇಳಿದನು. ರಾಮನವಮಿಯಂದು ಬೀದಿಯಲ್ಲಿ ಪಾನಕ ಹಂಚುವುದನ್ನೂ ಮೊಹರಂನಲ್ಲಿ ಶರಬತ್ತು ಹಂಚುವುದನ್ನೂ ಅವನು ನೋಡಿದ್ದನು. ಮಕ್ಕಳು ನೀರಿನ ಲೋಟವನ್ನೂ 'ಅವರದು', 'ನಮ್ಮದು' ಎಂದು ವಿಂಗಡಿಸಲು ಕಲಿಯುತ್ತಿದ್ದಾರಲ್ಲ ಎಂದು ನಮಗೆ ಕಳವಳವಾಯಿತು. ಆಚರಣೆಗಳ ವಿಧಿನಿಷೇಧಗಳನ್ನು ಉಲಮಾಗಳು ತಿಳಿಸುತ್ತಾರೆ. ಇಲ್ಲಿ ನಾವು ಆ ಲೋಟದ ಚರಿತ್ರೆಯನ್ನಷ್ಟೇ ನೋಡೋಣ.

'ಶರಬತ್ತು' ಎಂಬುದು ಕುಡಿಯುವುದು ಎಂಬರ್ಥದ ಅರಬಿ ಧಾತುವಿನಿಂದ ಹುಟ್ಟಿ, ಪರ್ಷಿಯನ್ ಭಾಷೆಯ ಮೂಲಕ ನಮ್ಮಲ್ಲಿಗೆ ಬಂದ ಪದ. ಅದೇ ಧಾತುವಿನ 'ಶರಾಬ್' ಎಂಬ ಪದಕ್ಕೆ ಅರಬಿಯಲ್ಲಿ ಪಾನೀಯವೆಂದಷ್ಟೇ ಅರ್ಥ. ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯದ 69ನೇ ಸೂಕ್ತವು ಜೇನನ್ನು ಇದೇ ಪದದಿಂದ ಕರೆದು, ಅದರಲ್ಲಿ ಜನರಿಗೆ ಉಪಶಮನವಿದೆಯೆಂದು ತಿಳಿಸುತ್ತದೆ. ಮದ್ಯಕ್ಕೆ ಕುರ್‌ಆನ್ ಬಳಸುವ ಪದ 'ಖಮ್ರ್'. ಔಷಧಾಲಯದ 'ಸಿರಪ್' ಕೂಡ ಈ 'ಶರಾಬ್'ನಿಂದಲೇ ಬಂದಿದೆ. ಇನ್ನು ಶರಬತ್ತಿಗೆ ಸಿಹಿ ಕೊಡುವ ಸಕ್ಕರೆಯ ಹೆಸರು ಹೋದದ್ದು ಇಲ್ಲಿಂದ. ನಮ್ಮ ನಾಡಿನ 'ಶರ್ಕರಾ' ಪರ್ಷಿಯಾದಲ್ಲಿ 'ಶಕರ್' ಆಯಿತು, ಅರಬರಲ್ಲಿ 'ಸುಕ್ಕರ್' ಆಯಿತು, ಯುರೋಪಿನಲ್ಲಿ 'ಶುಗರ್' ಆಯಿತು. ಹೀಗೆ ಶರಬತ್ತು ಎಂಬ ಪದ ಅರಬರದಾದರೆ ಅದರೊಳಗಿನ ಸಿಹಿಯ ಪದ ಭಾರತದ್ದು.

ನಿಂಬೆಯ ಕಥೆಯೂ ಹೀಗೆಯೇ ಇದೆ. ಹತ್ತನೇ ಶತಮಾನದ ಅರಬ್ ಭೂಗೋಳಜ್ಞರು ಸಿಂಧ್ ಪ್ರಾಂತವನ್ನು ವರ್ಣಿಸುವಾಗ, ಅಲ್ಲಿ 'ಲೈಮೂನ' ಎಂಬ ಬಹಳ ಹುಳಿಯಾದ ಹಣ್ಣೊಂದಿದೆಯೆಂದು ಹೊಸ ಸಂಗತಿಯಂತೆ ಬರೆದಿದ್ದಾರೆ. ಮುಂದೆ ಮುಸ್ಲಿಮ್ ಕೃಷಿಕರೂ ವರ್ತಕರೂ ಅದನ್ನು ಈಜಿಪ್ಟ್, ಸಿಸಿಲಿ ಮತ್ತು ಸ್ಪೇನ್‌ವರೆಗೆ ಹಬ್ಬಿಸಿದರು. ಹನ್ನೆರಡನೇ ಶತಮಾನದ ಕೈರೋದಲ್ಲಿ ಇಬ್ನ್ ಜುಮೈ ಎಂಬ ವೈದ್ಯನು ನಿಂಬೆಯ ಗುಣಗಳನ್ನೂ ಅದರ ಪಾನೀಯಗಳನ್ನೂ ಕುರಿತು ಒಂದು ಪ್ರಬಂಧವನ್ನೇ ರಚಿಸಿದನು. ಆತ ಯಹೂದಿ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಆಸ್ಥಾನದ ವೈದ್ಯ. ಆ ಪ್ರಬಂಧದ ಸಾರವನ್ನು ತನ್ನ ಔಷಧಕೋಶದಲ್ಲಿ ಸೇರಿಸಿ ಉಳಿಸಿದವನು 1248ರಲ್ಲಿ ತೀರಿಕೊಂಡ ಇಬ್ನುಲ್ ಬೈತಾರ್ ಎಂಬ ಮುಸ್ಲಿಮ್ ವಿದ್ವಾಂಸ.

ನಮ್ಮ ಊರಿನ ನಡುವೆ ಹಾದುಹೋಗುವ ಬಿ.ಎಚ್. ರಸ್ತೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಾದಿ. ಅದೇ ಹೊನ್ನಾವರಕ್ಕೆ ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತಾ ಬಂದಿದ್ದನು. ಅಲ್ಲಿನ ಸುಲ್ತಾನನ ಊಟದಲ್ಲಿ ಅನ್ನ, ತುಪ್ಪಗಳ ಜೊತೆಗೆ ಉಪ್ಪಿನಲ್ಲಿ ಹಾಕಿದ ನಿಂಬೆ, ಹಸಿಶುಂಠಿ, ಮೆಣಸು ಮತ್ತು ಮಾವು ಬಡಿಸುತ್ತಿದ್ದರೆಂದು ಅವನು ದಾಖಲಿಸಿದ್ದಾನೆ. ದೆಹಲಿಯ ದರ್ಬಾರಿನ ಕ್ರಮವನ್ನೂ ಅವನು ಹೇಳುತ್ತಾನೆ. ಅಲ್ಲಿ ಅತಿಥಿಗಳಿಗೆ ಮೊದಲು ಶರಬತ್ತು, ಅಂದರೆ ಸಕ್ಕರೆ ನೀರು. ಬಿಸ್ಮಿಲ್ಲಾಹ್ ಹೇಳಿ ಊಟ ಆರಂಭಿಸುವುದು ಆ ನಂತರ. ಇತ್ತ ಕನ್ನಡದಲ್ಲಿ, ಹದಿನಾರನೇ ಶತಮಾನದ ಆರಂಭದಲ್ಲಿ ಜೈನ ಕವಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. ಬಂದವರ ಬಾಯಾರಿಕೆಯನ್ನು ಮೊದಲು ತಣಿಸಬೇಕೆಂಬ ಸಂಸ್ಕಾರ ಎರಡೂ ಕಡೆಗಳಲ್ಲಿ ಬೇರೂರಿತ್ತು.

ಬಾಲಕನಿಗೆ ನಾವು ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿದೆವು. ಓದುಗರೂ ಮನೆಯಲ್ಲಿ ಮಾಡಬಹುದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸುಮಾರು 100 ಗ್ರಾಂ ಸಕ್ಕರೆ ಹಾಕಿ ಪೂರ್ತಿ ಕರಗಿಸಬೇಕು. ನೀರು ತೀರ ತಣ್ಣಗಿದ್ದರೆ ಸಕ್ಕರೆ ಬೇಗ ಕರಗದು. ಆದ್ದರಿಂದ ತಂಪು ಮಾಡುವುದು ಕೊನೆಗೆ. ರಸಭರಿತವಾದ ನಾಲ್ಕು ನಿಂಬೆಹಣ್ಣುಗಳನ್ನು ಹಿಂಡಿ, ಬೀಜ ಬೀಳದಂತೆ ಸೋಸಬೇಕು. ಬೀಜ ಉಳಿದರೆ ಕಹಿಯಾಗುತ್ತದೆ. ಕಾಲು ಚಮಚ ಉಪ್ಪು, ಮೂರು ಏಲಕ್ಕಿಯ ಪುಡಿ ಮತ್ತು ಕಾಲು ಗಂಟೆ ನೆನೆಸಿದ ಕಾಮಕಸ್ತೂರಿ ಬೀಜ ಸೇರಿಸಬೇಕು. ಬೆವರಿನೊಂದಿಗೆ ದೇಹದ ಉಪ್ಪೂ ಹೊರಹೋಗುವುದರಿಂದ ದುಡಿದು ಬಂದವರಿಗೆ ಆ ಉಪ್ಪು ಮುಖ್ಯ. ಸಕ್ಕರೆ ಕಾಯಿಲೆಯವರಿಗೆ ಸಿಹಿಯಿಲ್ಲದೆ ಕೊಡಬಹುದು. ರಕ್ತದೊತ್ತಡವಿರುವವರು ಉಪ್ಪನ್ನು ಬಿಡುವುದು ಲೇಸು. ಹುಳಿ ಲೋಹವನ್ನು ತಿನ್ನುವುದರಿಂದ ತಾಮ್ರ, ಹಿತ್ತಾಳೆಯ ಪಾತ್ರೆ ಬೇಡ. ಸ್ಟೀಲ್ ಅಥವಾ ಗಾಜಿನದು ಸಾಕು.

ಶರಬತ್ತು ಸಿದ್ಧವಾದ ಮೇಲೆ ಇನ್ನೊಂದು ಪಾತ್ರೆಯಲ್ಲಿ ಸಕ್ಕರೆಯ ಬದಲು ಬೆಲ್ಲ ಕರಗಿಸಿ, ಕಾಮಕಸ್ತೂರಿಯ ಬದಲು ಜಜ್ಜಿದ ಶುಂಠಿ ಹಾಕಿದೆವು. ಬಾಲಕನು ರುಚಿ ನೋಡಿ, "ಇದು ಪಾನಕ!" ಎಂದನು. ನಿಂಬೆ ಅದೇ, ಏಲಕ್ಕಿ ಅದೇ, ನೀರೂ ಅದೇ.

ಇನ್ನೊಂದು ಮಾತು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ಈಚೆಗೆ ನಾವು ಹೋಗಿದ್ದ ಒಂದು ನಿಕಾಹ್‌ನಲ್ಲಿ ತಂಪು ಪಾನೀಯದ ಬಾಟಲಿಗಳು ಅರ್ಧ ಕುಡಿದು ಎಸೆಯಲ್ಪಟ್ಟಿದ್ದವು. ಹೊರಗೆ ಬಿಸಿಲಿನಲ್ಲಿ ಶಾಮಿಯಾನ ಕಟ್ಟುತ್ತಿದ್ದವರನ್ನು ಮಾತ್ರ ನೀರು ಬೇಕೇ ಎಂದು ಯಾರೂ ಕೇಳಲಿಲ್ಲ. ನಮಗೂ ಅದು ಹೊಳೆದದ್ದು ಊಟ ಮುಗಿಸಿ ಹೊರಬಂದ ಮೇಲೆ. ತಿನ್ನಿರಿ, ಕುಡಿಯಿರಿ, ಆದರೆ ಮಿತಿಮೀರಬೇಡಿರಿ ಎಂಬ ಆದೇಶವನ್ನು ನಾವು ಓದಿಸುತ್ತೇವೆ, ಕೆಲವೊಮ್ಮೆ ಮರೆಯುತ್ತೇವೆ. ತೀರಿಕೊಂಡ ತಾಯಿಯ ಹೆಸರಿನಲ್ಲಿ ಯಾವ ದಾನ ಶ್ರೇಷ್ಠವೆಂದು ಸಅದ್ ಬಿನ್ ಉಬಾದಾ(ರ) ಕೇಳಿದಾಗ, ಪ್ರವಾದಿ ಮುಹಮ್ಮದ್(ಸ) ನೀರೆಂದು ತಿಳಿಸಿದರು. ಅವರು ಬಾವಿ ತೋಡಿಸಿದರು. ಆ ನೀರನ್ನು ಕುಡಿಯುವವರು ಯಾರೆಂದು ವಿಚಾರಿಸುವ ಶರತ್ತು ಅಲ್ಲಿರಲಿಲ್ಲ.

ಪ್ರಿಯ ಓದುಗರೇ, ಈ ಬೇಸಿಗೆಯಲ್ಲಿ ಮನೆಗೆ ಮಾಡುವ ಶರಬತ್ತಿಗೆ ಎರಡು ನಿಂಬೆ ಹೆಚ್ಚು ಹಿಂಡೋಣ. ಗ್ಯಾಸ್ ಸಿಲಿಂಡರ್ ಹೊತ್ತು ತರುವವರಿಗೆ, ಬೀದಿ ಗುಡಿಸುವವರಿಗೆ, ಪಕ್ಕದ ಮನೆಯವರಿಗೆ ಒಂದೊಂದು ಲೋಟವನ್ನು ಮಕ್ಕಳ ಕೈಯಿಂದಲೇ ಕೊಡಿಸೋಣ. ಅಲ್ಲಾಹನು ನಮ್ಮಿಂದ ಅದನ್ನು ಸ್ವೀಕರಿಸಲಿ. ಆಮೀನ್.