ಕಲ್ಲಿನ ತೂಕ, ಕಲ್ಲಿನ ನೀರು

ಆದೋನಿಯಿಂದ ಆಗ್ನೇಯಕ್ಕೆ ಪತ್ತಿಕೊಂಡ, ತುಗ್ಗಲಿ, ಜೊನ್ನಗಿರಿ. ದಕ್ಷಿಣಕ್ಕೆ ಗುಂತಕಲ್ಲು ದಾಟಿದರೆ ವಜ್ರಕರೂರು. ಈ ಕಡೆಯ ಹೊಲಗಳಲ್ಲಿ ಮೊದಲ ಮಳೆಗೆ ಮೇಲ್ಮಣ್ಣು ತೊಳೆದುಹೋಯಿತೆಂದರೆ ಜನ ನೆಲ ನೋಡುತ್ತಾ ಬಗ್ಗಿ ನಡೆಯುತ್ತಾರೆ. ಬಿತ್ತನೆಗಲ್ಲ, ವಜ್ರಕ್ಕೆ. ಬೇರೆ ಜಿಲ್ಲೆಗಳಿಂದಲೂ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಸಿಗುವುದು ಎಲ್ಲೋ ಒಬ್ಬಿಬ್ಬರಿಗೆ. ಸಿಕ್ಕವರು ಅದನ್ನು ಅಲ್ಲಿಯೇ ವ್ಯಾಪಾರಿಯ ಕೈಗಿಟ್ಟು, ಅವನು ಹೇಳಿದಷ್ಟು ಪಡೆದು ಊರಿಗೆ ಹೋಗುತ್ತಾರೆ. ಮಾರುವವನ ಕಣ್ಣು ಕಲ್ಲಿನ ಗಾತ್ರದ ಮೇಲೆ. ಕೊಳ್ಳುವವನ ಕಣ್ಣು, ಸಾಣೆ ಹಿಡಿದ ಮೇಲೆ ಇದರಲ್ಲಿ ಎಷ್ಟು ಉಳಿದೀತು, ಎಷ್ಟು ಬೆಳಕು ಬಂದೀತು ಎಂಬುದರ ಮೇಲೆ. ಬೆಲೆಯ ವ್ಯತ್ಯಾಸವೆಲ್ಲ ಈ ಎರಡು ನೋಟಗಳ ನಡುವೆ ಇರುತ್ತದೆ.

ಮಗಳ ಮದುವೆಗೆಂದು ಮೊಟ್ಟೆಯಾಕಾರದ ವಜ್ರದ ಉಂಗುರ ಕೊಳ್ಳಲು ಪೇಟೆಗೆ ಹೋಗುವ ನಿಮಗೂ ಇದೇ ಪ್ರಶ್ನೆ ಎದುರಾಗುತ್ತದೆ. ತೂಕಕ್ಕೆ ದುಡ್ಡು ಕೊಡಬೇಕೋ, ಹೊಳಪಿಗೆ ಕೊಡಬೇಕೋ? ಪ್ರಶ್ನೆ ಹೊಸದಲ್ಲ. ನಮ್ಮ ಸೀಮೆಯ ವ್ಯಾಪಾರಿಗಳು ನಾನೂರು ವರ್ಷದ ಹಿಂದೆಯೇ ಇದರಲ್ಲಿ ಪಳಗಿದ್ದರು.

ವಿಜಯನಗರದ ಕಾಲದಲ್ಲಿ ತೂಕವೇ ದೊಡ್ಡ ಮಾತು. ಅಚ್ಯುತರಾಯನ ಆಳ್ವಿಕೆಯಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಗಣಿಯ ಗುತ್ತಿಗೆ ಹಿಡಿದವನು 20 ಮಂಗೆಲಿನ್‌ಗಿಂತ ಹೆಚ್ಚು ತೂಗುವ ವಜ್ರವನ್ನೆಲ್ಲ ಅರಸನ ಬೊಕ್ಕಸಕ್ಕೆ ಕೊಡಬೇಕೆಂಬ ಕರಾರು ಇದ್ದುದನ್ನು ಬರೆದಿಟ್ಟಿದ್ದಾನೆ. ಮಂಗೆಲಿನ್ ಎಂದರೆ ಬೇರೇನಲ್ಲ, ಮಂಜಾಡಿ. ಚಿನ್ನಕ್ಕೆ ಗುಲಗಂಜಿ ಇದ್ದಂತೆ ವಜ್ರಕ್ಕೆ ಈ ಕೆಂಪು ಬೀಜ. ಅದಕ್ಕೂ ಸಾವಿರ ವರ್ಷ ಹಿಂದೆ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರದ ಬೆಲೆಯನ್ನು ಅಕ್ಕಿಕಾಳಿನ ತೂಕದ ಲೆಕ್ಕದಲ್ಲಿ ಹೇಳಿದ್ದಾನೆ.

ಹೆಚ್ಚಿನ ವಿವರ ಸಿಗುವುದು ಫ್ರೆಂಚ್ ವ್ಯಾಪಾರಿ ತಾವೆರ್ನಿಯೆಯಿಂದ. 17ನೇ ಶತಮಾನದ ನಡುವಿನಲ್ಲಿ ಬಂದವನು; ಅವನ ಪ್ರವಾಸದ ಪುಸ್ತಕ 1676ರಲ್ಲಿ ಅಚ್ಚಾಯಿತು. ಅವನು ‘ರಾವೋಲ್ಕೊಂಡ’ ಎಂದು ಕರೆದ ಗಣಿ ಆಗ ಬಿಜಾಪುರದ ಸುಲ್ತಾನನ ಕೈಕೆಳಗಿತ್ತು. ಅದು ಕರ್ನೂಲು ಬಳಿಯ ರಾಮಳ್ಳಕೋಟ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಅವನು ಕಂಡ ಒಂದು ಸಂಗತಿ ನನಗಂತೂ ಬಹಳ ಹಿಡಿಸಿತು. ಬೆಳಗಾದರೆ ವ್ಯಾಪಾರಿಗಳ ಮಕ್ಕಳು, ಹತ್ತರಿಂದ ಹದಿನಾರು ವರ್ಷದ ಹುಡುಗರು, ಊರ ನಡುವಿನ ಮರದ ಕೆಳಗೆ ಕೂರುತ್ತಿದ್ದರು. ಒಂದು ಪಕ್ಕದಲ್ಲಿ ತೂಕದ ಬಟ್ಟುಗಳ ಚೀಲ, ಇನ್ನೊಂದು ಪಕ್ಕದಲ್ಲಿ ವರಹದ ಚೀಲ. ಯಾರಾದರೂ ಕಲ್ಲು ತಂದರೆ ಅದು ಮೊದಲು ಹಿರಿಯ ಹುಡುಗನ ಕೈಗೆ, ಅಲ್ಲಿಂದ ಒಬ್ಬೊಬ್ಬರ ಕೈ ದಾಟಿ, ಯಾರೂ ತುಟಿ ಬಿಚ್ಚದೆ ತಿರುಗಿ ಅವನಿಗೇ ಬರುತ್ತಿತ್ತು. ಆಮೇಲೆ ಅವನು ಬೆಲೆ ಕೇಳಬೇಕು. ಹೆಚ್ಚು ಕೊಟ್ಟು ಕೊಂಡರೆ ನಷ್ಟ ಅವನ ತಲೆಗೇ. ಸಂಜೆ ಎಲ್ಲ ಕಲ್ಲುಗಳನ್ನೂ ಒಂದೆಡೆ ಸೇರಿಸಿ ನೀರು, ತೂಕ, ಸ್ವಚ್ಛತೆ ನೋಡಿ ವಿಂಗಡಿಸಿ, ದೊಡ್ಡ ವ್ಯಾಪಾರಿಗಳಿಗೆ ಮಾರಿ, ಲಾಭ ಹಂಚಿಕೊಳ್ಳುತ್ತಿದ್ದರು. ಬ್ಯಾಂಕಿಗೆ ಸೇರಿದ ಹೊಸ ಗುಮಾಸ್ತರಿಗೆ ಇಂಥ ತರಬೇತಿ ನಾನು ಎಲ್ಲಿಯೂ ಕಾಣಲಿಲ್ಲ!

ದೊಡ್ಡವರ ಚೌಕಾಸಿ ಬಟ್ಟೆಯ ಮರೆಯಲ್ಲಿ ನಡೆಯುತ್ತಿತ್ತು. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು, ಬೆರಳ ತುದಿಯ ಗೆಣ್ಣಿಗೆ ಹತ್ತು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವ ದಲ್ಲಾಳಿಗಳನ್ನು ನೋಡಿದವರಿಗೆ ಇದು ಹೊಸತೆನಿಸದು.

ಇನ್ನು ಪರೀಕ್ಷೆಯ ವಿಷಯ. ಯುರೋಪಿನವರು ಹಗಲು ಬೆಳಕಿನಲ್ಲಿ ಕಲ್ಲು ನೋಡುತ್ತಿದ್ದರೆ ಇಲ್ಲಿಯವರು ರಾತ್ರಿ ನೋಡುತ್ತಿದ್ದರು. ಗೋಡೆಯಲ್ಲಿ ಒಂದಡಿ ಅಗಲದ ಗೂಡು, ಗೂಡಿನಲ್ಲಿ ದಪ್ಪ ಬತ್ತಿಯ ದೀಪ, ಬೆರಳ ನಡುವೆ ಕಲ್ಲು. ನೀಲಿ ಛಾಯೆಯ ಅನುಮಾನವಿದ್ದರೆ ಅದನ್ನು ಎಲೆ ತುಂಬಿದ ಮರದಡಿಗೆ ಒಯ್ಯಬೇಕು. ಆ ಹಸಿರು ನೆರಳಿನಲ್ಲಿ ಬಣ್ಣ ಮುಚ್ಚಿಟ್ಟುಕೊಳ್ಳಲಾರದು ಎನ್ನುತ್ತಾನೆ ತಾವೆರ್ನಿಯೆ. ಕಲ್ಲಿನ ತಿಳಿಯನ್ನೂ ಬಣ್ಣವನ್ನೂ ಸೇರಿಸಿ ‘ನೀರು’ ಎನ್ನುತ್ತಿದ್ದರು.

ಸಾಣೆಯವರ ಪದ್ಧತಿಯನ್ನೂ ಅವನು ಗಮನಿಸಿದ. ಕಲ್ಲು ನಿರ್ಮಲವಾಗಿದ್ದರೆ ತೂಕ ಹೋದೀತೆಂದು ಮೇಲೆ ಕೆಳಗೆ ಚಕ್ರಕ್ಕೆ ಮುಟ್ಟಿಸಿ ಬಿಟ್ಟುಬಿಡುತ್ತಿದ್ದರು. ಒಳಗೆ ಚುಕ್ಕೆಯೋ ಮರಳೋ ಇದ್ದರೆ ಮೈತುಂಬ ಮುಖ ಕೊರೆದು ದೋಷ ಮುಚ್ಚುತ್ತಿದ್ದರು. ಆದ್ದರಿಂದ ಬಹಳ ಮುಖಗಳಿರುವ ಕಲ್ಲು ಕಂಡರೆ ಜಾಣರು ಮೊದಲು ಅನುಮಾನಿಸಬೇಕಿತ್ತು.

ಇದನ್ನು ಓದಿದ ಕೆಲವರು ನಮ್ಮವರಿಗೆ ಸಾಣೆ ಬರುತ್ತಿರಲಿಲ್ಲ ಎಂದು ತೀರ್ಪು ಕೊಡುತ್ತಾರೆ. ಇಲ್ಲಿಯ ಚಕ್ರ ಯುರೋಪಿನದರಷ್ಟು ನಯವಾಗಿ ತಿರುಗುತ್ತಿರಲಿಲ್ಲ ಎಂದು ತಾವೆರ್ನಿಯೆಯೂ ಹೇಳಿದ್ದಾನೆ, ನಿಜ. ಆದರೆ ಅದೇ ಪುಸ್ತಕದಲ್ಲಿ ಬೆಲೆ ಕಟ್ಟುವ ಸೂತ್ರವೂ ಇದೆ. ತೂಕವನ್ನು ಅದೇ ತೂಕದಿಂದ ಗುಣಿಸಿ, ಒಂದು ಕ್ಯಾರೆಟ್ಟಿನ ಬೆಲೆಯಿಂದ ಮತ್ತೆ ಗುಣಿಸುವುದು. ನೀವೇ ಲೆಕ್ಕ ಹಾಕಿ. ಹತ್ತು ಕ್ಯಾರೆಟ್ಟಿನ ಕಲ್ಲಿಗೆ ನೂರು ಪಟ್ಟು ಬೆಲೆ. ಸಾಣೆಯಲ್ಲಿ ಮೂರು ಕ್ಯಾರೆಟ್ ಹೋಗಿ ಏಳು ಉಳಿದರೆ ನಲವತ್ತೊಂಬತ್ತು ಪಟ್ಟು. ತೂಕ ಮೂರರಲ್ಲೊಂದು ಪಾಲೂ ಹೋಗಲಿಲ್ಲ, ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಇಂಥ ಪೇಟೆಯಲ್ಲಿ ಹೊಳಪಿಗಾಗಿ ಕಲ್ಲು ತೇಯುವವನು ಬುದ್ಧಿವಂತನೆನಿಸಿಕೊಳ್ಳುತ್ತಿದ್ದನೇ? ಅದು ಅಜ್ಞಾನವಲ್ಲ, ವ್ಯಾಪಾರಿಯ ಲೆಕ್ಕ.

ಯುರೋಪಿನ ಲೆಕ್ಕ ಬೇರೆಯಾಯಿತು. ಅದರ ರುಚಿ ನಮ್ಮ ಸೀಮೆಯ ಕಲ್ಲಿಗೂ ತಟ್ಟಿತು. 1881ರಲ್ಲಿ ವಜ್ರಕರೂರಿನಲ್ಲಿ 67 ಕ್ಯಾರೆಟ್ ಮೀರಿದ ಒಂದು ವಜ್ರ ಸಿಕ್ಕಿತು. ಆಗ ಅನಂತಪುರ ಜಿಲ್ಲೆ ಹುಟ್ಟಿರಲಿಲ್ಲ, ಆ ಊರು ಬಳ್ಳಾರಿ ಜಿಲ್ಲೆಯದೇ. 1953ರವರೆಗೆ ಆದೋನಿ, ರಾಯದುರ್ಗಗಳೂ ಬಳ್ಳಾರಿಯೊಳಗೇ ಇದ್ದವಲ್ಲ! ಆ ಕಲ್ಲನ್ನು ಹೊಸ ಮಾದರಿಯಲ್ಲಿ ಸಾಣೆ ಹಿಡಿದಾಗ ಉಳಿದದ್ದು 24 ಕ್ಯಾರೆಟ್ ಚಿಲ್ಲರೆ. ‘ಗೋರ್-ದೊ-ನೋರ್’ ಎಂದು ಹೆಸರಿಟ್ಟರು. ಮೂರರಲ್ಲಿ ಸುಮಾರು ಎರಡು ಪಾಲು ಪುಡಿಯಾಯಿತು.

ಕೊಹಿನೂರಿನ ಕಥೆ ಎಲ್ಲರೂ ಬಲ್ಲದ್ದು, ಆದರೆ ಅದು ಇಂದು ಮೊಟ್ಟೆಯಾಕಾರದ ಕಲ್ಲು ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ಅದು ಕೃಷ್ಣಾ ದಡದ ಕೊಲ್ಲೂರಿನ ಗಣಿಯದು ಎಂಬ ಮಾತಿದೆ (ಮೂಕಾಂಬಿಕೆಯ ಕೊಲ್ಲೂರಲ್ಲ, ಪಲ್ನಾಡಿನದು). 1849ರಲ್ಲಿ ಇಂಗ್ಲಿಷರ ಕೈಸೇರಿ, 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಟ್ಟಾಗ ಜನ ಮುಗಿಬಿದ್ದರು, ನೋಡಿ ಪೆಚ್ಚಾದರು. ಸುತ್ತ ಗ್ಯಾಸ್ ದೀಪ ಹಚ್ಚಿಟ್ಟರೂ ಮಿಂಚಲಿಲ್ಲ. ತೂಕಕ್ಕೆಂದು ಉಳಿಸಿಕೊಂಡ ಹಳೆಯ ಸಾಣೆ ಅವರ ಕಣ್ಣಿಗೆ ಗಾಜಿನ ಹಾಗೆ ಕಂಡಿತು. ಮರುವರ್ಷ ಆಂಸ್ಟರ್‌ಡ್ಯಾಮಿನಿಂದ ಸಾಣೆಗಾರರನ್ನು ಕರೆಸಿ, 38 ದಿನ ತೇಯ್ದು, 8,000 ಪೌಂಡ್ ಖರ್ಚು ಮಾಡಿದರು. ಈಗಿನ ಕ್ಯಾರೆಟ್ಟಿನಲ್ಲಿ ಸುಮಾರು 191 ಇದ್ದದ್ದು 105.6ಕ್ಕೆ ಇಳಿಯಿತು. ಹೊಳಪು ಬಂತು, ನೂರಕ್ಕೆ 45ರಷ್ಟು ಕಲ್ಲು ಹೋಯಿತು. ಆ ಹಳೆಯ ರೂಪ ಮತ್ತೆ ನೋಡಸಿಗದು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟವೇ.

ಬೆಳಕಿನ ಲೆಕ್ಕವನ್ನು ಗಣಿತದಲ್ಲಿ ಕೂರಿಸಿದವನು ಮಾರ್ಸೆಲ್ ತೊಲ್ಕೋವ್‌ಸ್ಕಿ, 1919ರಲ್ಲಿ. ಮೇಲಿನಿಂದ ಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ತಿರುಗಿ ಮೇಲಕ್ಕೇ ಬರಬೇಕಾದರೆ ಕೋನಗಳು ಎಷ್ಟಿರಬೇಕೆಂದು ಅವನು ಹೇಳಿದ. ಅದು ಗುಂಡು ಹರಳಿಗೆ. ಇಂದಿನ ಮೊಟ್ಟೆಯಾಕಾರದ ಮಾದರಿ ಬಂದದ್ದು 1950ರ ದಶಕದ ಕೊನೆಗೆ, ಅಮೆರಿಕದ ಲಜಾರ್ ಕಪ್ಲಾನನಿಂದ. ಗುಂಡಿಗೆ ಎಲ್ಲ ದಿಕ್ಕಿನಲ್ಲೂ ಒಂದೇ ಅಳತೆ. ಮೊಟ್ಟೆಗೆ ಉದ್ದವೇ ಬೇರೆ, ಅಗಲವೇ ಬೇರೆ. ಎಲ್ಲ ಕಡೆಯೂ ಕೋನ ಸರಿಹೋಗುವುದು ಕಷ್ಟ, ಆದ್ದರಿಂದಲೇ ಇಲ್ಲಿ ಕಾಗದಕ್ಕಿಂತ ಕಣ್ಣು ಮುಖ್ಯ.

ಬ್ಯಾಂಕಿನಲ್ಲಿ ಒಡವೆ ಸಾಲದ ಮೇಜಿನಲ್ಲಿ ನಾನು ಬಹಳ ವರ್ಷ ಕೂತವನು. ಅಕ್ಕಸಾಲಿ ಒಟ್ಟು ತೂಕ ಹೇಳಿ, ಕಲ್ಲಿನದೆಂದು ಒಂದಿಷ್ಟು ಕಳೆದು, ನಿವ್ವಳ ಚಿನ್ನದ ತೂಕ ಬರೆಸುತ್ತಿದ್ದ. ಎಂಥ ಬೆಂಡೋಲೆಯೇ ಇರಲಿ, ಕಲ್ಲಿಗೆ ಬಿಡಿಗಾಸೂ ಸಾಲವಿಲ್ಲ. ಹೆಂಗಸರು ಬೇಸರಪಡುತ್ತಿದ್ದರು. ಚಿನ್ನಕ್ಕೆ ಗ್ರಾಮಿಗಿಷ್ಟು ಎಂಬ ದರವಿದೆ, ಕಲ್ಲಿನ ದರ ನೋಡುವವನ ಕಣ್ಣಿನಲ್ಲಿದೆ. ಕೊಳ್ಳುವಾಗಲೇ ಇದು ನೆನಪಿರಲಿ.

ಮೊಟ್ಟೆಯಾಕಾರದ ಕಲ್ಲನ್ನು ಮೇಲಿನಿಂದ ನೇರವಾಗಿ ನೋಡಿದರೆ ನಡುವಿನಲ್ಲಿ ಅಡ್ಡಕ್ಕೆ ಒಂದು ಕಪ್ಪು ನೆರಳು ಕಾಣುತ್ತದೆ, ರಿಬ್ಬನ್ನಿನ ಗಂಟಿನ ಆಕಾರದಲ್ಲಿ. ಅಲ್ಲಿಯ ಮುಖಗಳು ದೀಪದ ಬದಲು ನೋಡುವವರ ತಲೆಯನ್ನೇ ತೋರಿಸುವುದರಿಂದ ಹೀಗಾಗುತ್ತದೆ. ಸ್ವಲ್ಪ ಇದ್ದೇ ಇರುತ್ತದೆ. ಕಲ್ಲನ್ನು ನಿಧಾನವಾಗಿ ಅತ್ತಿತ್ತ ವಾಲಿಸಿ. ನೆರಳು ಚದುರಿ ಅಲ್ಲಿಯೂ ಬೆಳಕು ಆಡಿದರೆ ಸರಿ. ಅಲುಗದೆ ಹಾಗೇ ಕೂತರೆ ಬೇರೆ ಕಲ್ಲು ಕೇಳಿ. ತಳ ತೀರ ಚಪ್ಪಟೆಯಾಗಿದ್ದರೆ ಬೆಳಕು ಕೆಳಗೆ ಸೋರಿ, ಕಲ್ಲಿನ ಮೂಲಕ ನಿಮ್ಮ ಬೆರಳೇ ಕಾಣುತ್ತದೆ. ತೀರ ಆಳವಾಗಿದ್ದರೆ ತೂಕವೆಲ್ಲ ಹೊಟ್ಟೆಯಲ್ಲಿ ಅಡಗಿ ಮೇಲೆ ಸಣ್ಣದಾಗಿ ಕಾಣುತ್ತದೆ. ನಡು ಅಂಚು ದಪ್ಪವಿದ್ದರೂ ಅಷ್ಟೆ. ಕಾಣದ ತೂಕಕ್ಕೆ ನೀವು ದುಡ್ಡು ಕೊಟ್ಟಂತೆ. ಹಾಗಾಗಿ ಕ್ಯಾರೆಟ್ ಜೊತೆಗೆ ಉದ್ದ, ಅಗಲ, ಆಳಗಳನ್ನು ಮಿಲಿಮೀಟರಿನಲ್ಲಿ ಕೇಳಿ. ಉದ್ದವು ಅಗಲದ 1.3ರಿಂದ 1.5 ಪಟ್ಟು ಇರುವುದು ಸಾಮಾನ್ಯ, ಉಳಿದದ್ದು ನಿಮ್ಮ ಇಷ್ಟ.

ಅಂಗಡಿಯ ಛಾವಣಿಯ ದೀಪಗಳ ಕೆಳಗೆ ಎಂಥ ಕಲ್ಲೂ ಮಿಂಚುತ್ತದೆ. ಬಾಗಿಲ ಬಳಿ ನೆರಳಿಗೆ ತಂದು ನೋಡಲು ಬಿಡಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಗಣಿಯದೋ, ಕಾರ್ಖಾನೆಯಲ್ಲಿ ಬೆಳೆಸಿದ್ದೋ ಎಂಬುದು ಮಾತ್ರ ಕಣ್ಣಿಗೆ ತಿಳಿಯುವುದಿಲ್ಲ. ಎರಡೂ ವಜ್ರವೇ, ಬೆಲೆಯಲ್ಲಿ ಭಾರೀ ಅಂತರ. ಪೆನ್ನಿನಂಥ ಸಾದಾ ಪರೀಕ್ಷೆ ಯಂತ್ರವೂ ಎರಡನ್ನೂ ವಜ್ರವೆಂದೇ ತೋರಿಸುತ್ತದೆ. ಅದನ್ನು ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ.