ಆಕ್ರೋಶವನ್ನು ಅಳೆಯುವವರು ಯಾರು?

ಸುದ್ದಿ ನಿಜವೇ ಎಂದು ನೋಡಲು ಊರಿನಲ್ಲಿರುವವರು ಬೀದಿಗಿಳಿದರೆ ಸಾಕು. ಹೊರನಾಡಿನಲ್ಲಿರುವ ನಮಗೆ ಆ ಅನುಕೂಲವಿಲ್ಲ. ಕಾವೇರಿ ವಿವಾದ ಭುಗಿಲೆದ್ದಾಗಲೆಲ್ಲ ವಾಹಿನಿಗಳ ‘ಜನಾಕ್ರೋಶ’ ಕಂಡು ನಾವು ಗಾಬರಿಯಿಂದ ಊರಿಗೆ ಫೋನು ಮಾಡುತ್ತೇವೆ. ಊರಿನವರು ನಮಗೆ ಮಾಡುತ್ತಾರೆ. ಕೆಲವೊಮ್ಮೆ ಭಯಕ್ಕೆ ಕಾರಣವಿರುತ್ತದೆ. ಹಲವು ಸಲ ಎರಡೂ ಕಡೆಯ ಬೀದಿಗಳು ಶಾಂತವಾಗಿಯೇ ಇರುತ್ತವೆ. ಈ ಅಂತರ ಹೊಸದೇನಲ್ಲ.

1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಸಿಬಿಎಸ್ ರೇಡಿಯೊ, ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ನಾಟಕವಾಗಿ ಪ್ರಸಾರ ಮಾಡಿತು. 23ರ ಹರೆಯದ ನಿರ್ದೇಶಕ ಆರ್ಸನ್ ವೆಲ್ಸ್ ಅದರ ಮೊದಲರ್ಧವನ್ನು ತುರ್ತು ವಾರ್ತೆಗಳಂತೆ ರೂಪಿಸಿದ್ದರು: ಮಂಗಳ ಗ್ರಹದವರು ನ್ಯೂಜೆರ್ಸಿಯಲ್ಲಿ ಇಳಿದಿದ್ದಾರೆ! ಮರುದಿನದ ಪತ್ರಿಕೆಗಳು, ದೇಶವೇ ದಿಕ್ಕೆಟ್ಟಿತೆಂಬಂತೆ ಬರೆದವು.

ಕೆಲವರು ನಿಜವಾಗಿಯೂ ಹೆದರಿದ್ದರು. ಪೊಲೀಸರಿಗೆ ಕರೆಗಳು ಬಂದದ್ದೂ ಹೌದು. ಆದರೆ ಅಂದು ರಾತ್ರಿ ನಡೆದ ದೂರವಾಣಿ ಸಮೀಕ್ಷೆಯ ಸುಮಾರು 5,000 ಮನೆಗಳಲ್ಲಿ ಆ ನಾಟಕ ಕೇಳುತ್ತಿದ್ದವು ಶೇಕಡ 2 ಮಾತ್ರ. ಅದೇ ಹೊತ್ತಿಗೆ ಎನ್‌ಬಿಸಿಯಲ್ಲಿ ಬಹು ಜನಪ್ರಿಯ ಹಾಸ್ಯ ಕಾರ್ಯಕ್ರಮವೊಂದಿತ್ತು. ಹಾಗಾದರೆ ಪತ್ರಿಕೆಗಳು ಉತ್ಪ್ರೇಕ್ಷಿಸಿದ್ದೇಕೆ? ಆರ್ಥಿಕ ಕುಸಿತದ ಆ ದಶಕದಲ್ಲಿ ರೇಡಿಯೊ ಅವುಗಳ ಜಾಹೀರಾತಿನ ಆದಾಯಕ್ಕೆ ಕೈಹಾಕಿತ್ತು. ರೇಡಿಯೊ ವಾರ್ತೆಗಳಿಗೆ ಕಡಿವಾಣ ಹಾಕಲು 1933ರಲ್ಲಿ ಮಾಡಿಸಿಕೊಂಡ ಒಪ್ಪಂದವೂ ಬಾಳಲಿಲ್ಲ. ಈಗ ಪ್ರತಿಸ್ಪರ್ಧಿಯನ್ನು ಬೇಜವಾಬ್ದಾರಿಯೆಂದು ದೂರಲು ಅವಕಾಶ ಒದಗಿತು. ವಿಪರ್ಯಾಸವೆಂದರೆ, ಪ್ರಾಯೋಜಕರೇ ಇಲ್ಲದಿದ್ದ ಆ ನಾಟಕಮಾಲೆಗೆ ಈ ಗದ್ದಲದ ಬೆನ್ನಲ್ಲೇ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಪ್ರಾಯೋಜಕನಾಗಿ ದೊರೆಯಿತು.

ಎಪ್ಪತ್ತು ವರ್ಷಗಳ ನಂತರ, 2008ರ ಅಕ್ಟೋಬರ್‌ನಲ್ಲಿ, ಬಿಬಿಸಿ ರೇಡಿಯೊ 2ರ ಇಬ್ಬರು ನಿರೂಪಕರು ಹಿರಿಯ ನಟ ಆಂಡ್ರ್ಯೂ ಸ್ಯಾಕ್ಸ್ ಅವರ ಫೋನಿನಲ್ಲಿ ಅಸಭ್ಯ ಸಂದೇಶಗಳನ್ನು ಬಿಟ್ಟರು. ಅದು ಪ್ರಸಾರವೂ ಆಯಿತು. ಮೊದಲ ವಾರ ಬಂದ ದೂರುಗಳು ಎರಡೇ ಎರಡು. ಭಾನುವಾರದ ಪತ್ರಿಕೆಯೊಂದು ವರದಿ ಮಾಡಿದ ಮೇಲೆ ಅವು ಹತ್ತಾರು ಸಾವಿರವಾದವು. ತಪ್ಪು ತಪ್ಪೇ, ಮರುವರ್ಷ ನಿಯಂತ್ರಣ ಸಂಸ್ಥೆ ಬಿಬಿಸಿಗೆ 1,50,000 ಪೌಂಡ್ ದಂಡ ವಿಧಿಸಿತು. ಆದರೆ ದೂರು ಕೊಟ್ಟವರಲ್ಲಿ ಹೆಚ್ಚಿನವರು ಕೆರಳಿದ್ದು ಪ್ರಸಾರ ಕೇಳಿಯಲ್ಲ, ಅದರ ವರದಿಯಿಂದ.

ಆಕ್ರೋಶವೆಲ್ಲ ಹುಸಿಯೆಂದು ನಾವು ವಾದಿಸುತ್ತಿಲ್ಲ. ಕೋಪಗೊಂಡವರು ಎಷ್ಟು ಮಂದಿ, ಅವರು ಕೆರಳಿದ್ದು ಘಟನೆಯಿಂದಲೋ ವರದಿಯಿಂದಲೋ, ವರದಿ ಮಾಡಿದವರಿಗೆ ಅದರಿಂದ ಲಾಭವೇನು ಎಂದು ಕೇಳುವ ಅಭ್ಯಾಸ ಬೇಕು, ಅಷ್ಟೇ. ಪರನಾಡಿನಲ್ಲಿ ನೆರೆಹೊರೆಯ ವಿಶ್ವಾಸವನ್ನೇ ನೆಚ್ಚಿ ಬದುಕುವ ನಮಗೆ ಅದು ಇನ್ನೂ ಅಗತ್ಯ. ಮುಂದಿನ ಸಲ ಅಂಥ ಸಂದೇಶ ಬಂದಾಗ, ಅದನ್ನು ಬೇರೆಯವರಿಗೆ ಕಳಿಸುವ ಮುನ್ನ ಊರಿಗೊಂದು ಫೋನು ಮಾಡಿ, ಅಲ್ಲಿನ ಬೀದಿ ಹೇಗಿದೆ ಎಂದು ಕೇಳೋಣ.