ಮಾಗಳಿ ಬೇರು ಮತ್ತು ತರಗು ಬೆಂಕಿ: ತಾಳವಾಡಿ ಗಿರಿವನಗಳ ಮೂಲಿಕಾವೈದ್ಯವನ್ನು ಕುರಿತು

ದಿಂಬಂ ಘಟ್ಟವನ್ನೇರಿದೊಡನೆ ಕನ್ನಡವೇ ಕಿವಿಗೆ ಬೀಳುವ ತಾಳವಾಡಿ ಸೀಮೆಯಿಂದ ಬಿಳಿಗಿರಿರಂಗನ ಬೆಟ್ಟದವರೆಗೆ, ರಾಜ್ಯಗಳ ಗಡಿರೇಖೆಯನ್ನು ಲೆಕ್ಕಿಸದೆ ಹಬ್ಬಿರುವ ಅರಣ್ಯದಲ್ಲಿ ಸೋಲಿಗರೂ ಊರಾಳಿಗಳೂ ಪರಂಪರೆಯಿಂದ ಕಾಪಾಡಿಕೊಂಡು ಬಂದಿರುವ ಮೂಲಿಕಾಜ್ಞಾನವನ್ನು ಕೇವಲ ಗಿಡಬಳ್ಳಿಗಳ ಪಟ್ಟಿಯೆಂದು ಬಗೆಯುವುದು ಪ್ರಮಾದವೆಂಬುದೇ ಈ ಲೇಖನದ ಪ್ರತಿಪಾದನೆ.

ಬಂಡೆಗಳ ಸಂದಿನಲ್ಲಿ ಬೇರಿಳಿಸುವ ಮಾಗಳಿಯನ್ನೇ ಪರಿಶೀಲಿಸೋಣ. ಅಗೆದು ತಂದ ಬೇರನ್ನು ತೊಳೆದು, ಸಿಪ್ಪೆ ಹೆರೆದು, ನಡುವಣ ಗಟ್ಟಿ ನಾರನ್ನು ತೆಗೆದು ತುಂಡರಿಸುವಾಗ ಅದರ ತೀಕ್ಷ್ಣ ಪರಿಮಳವು ಮನೆಯೆಲ್ಲ ವ್ಯಾಪಿಸುವುದು. ಹಸಿವಿಗೂ ರಕ್ತಶುದ್ಧಿಗೂ ಅದು ಕಷಾಯ, ಬಯಲುಸೀಮೆಯವರಿಗೆ ಉಪ್ಪಿನಕಾಯಿ. ಒಂದಿಷ್ಟು ಬೇರನ್ನುಳಿಸಿ ಮಣ್ಣು ಮುಚ್ಚಿದಲ್ಲಿ ಬಳ್ಳಿಯು ಮತ್ತೆ ಚಿಗುರೀತು, ಪೂರ್ತಿ ಕಿತ್ತಲ್ಲಿ ಇಲ್ಲ. ಎಷ್ಟನ್ನು ಬಿಡಬೇಕೆಂಬ ಅರಿವೂ ಔಷಧಜ್ಞಾನವೇ.

ನೆಲ್ಲಿಯ ವಿಷಯವು ಇನ್ನೂ ಗಹನವಾದುದು. ಬೇಸಗೆಯ ಮೊದಲಲ್ಲಿ ಒಣ ಎಲೆಗಳಿಗೆ ಹಚ್ಚುತ್ತಿದ್ದ ಮಂದವಾದ ತರಗು ಬೆಂಕಿಯು ಮರಗಳಿಗೆ ತಗಲುವ ಉಪ್ಪಿಲೆಂಬ ಪರಾವಲಂಬಿಯನ್ನು ಹದದಲ್ಲಿರಿಸುತ್ತಿತ್ತೆಂದೂ, ಬೆಂಕಿಯನ್ನು ನಿಷೇಧಿಸಿದ ಮೇಲೆ ಉಪ್ಪಿಲೂ ಲಂಟಾನವೂ ಹೆಚ್ಚಿದುವೆಂದೂ ಸೋಲಿಗ ಹಿರಿಯರು ಹೇಳುತ್ತ ಬಂದಿರುವುದನ್ನು ಪರಿಸರವಿಜ್ಞಾನಿಗಳು ಇತ್ತೀಚಿನ ದಶಕಗಳಲ್ಲಿ ಗಂಭೀರವಾಗಿ ಪರಿಗಣಿಸತೊಡಗಿದ್ದಾರೆ. ತ್ರಿಫಲೆಯ ಒಂದು ಫಲವಾದ ನೆಲ್ಲಿಯ ಅಳಿವು-ಉಳಿವುಗಳು ಹೀಗೆ ಕಾಡಿನ ಉಪಚಾರವನ್ನೇ ಅವಲಂಬಿಸಿವೆ.

ಆಧುನಿಕ ವೈದ್ಯಕ್ಕೆ ಮೂಲಿಕೆಗಳ ಋಣ ಅಲ್ಪವಲ್ಲ. ಸರ್ಪಗಂಧವು ರಕ್ತದೊತ್ತಡವನ್ನಿಳಿಸುವುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಪಡಿಸಿದರು. 1952ರಲ್ಲಿ ಸ್ವಿಸ್ ವಿಜ್ಞಾನಿಗಳು ಅದರಿಂದ ರಿಸರ್ಪೀನನ್ನು ಬೇರ್ಪಡಿಸಿದರು. ಚೀನದ ತೂ ಯೂಯೂ 4ನೆಯ ಶತಮಾನದ ಗ್ರಂಥವೊಂದರ ಸೂಚನೆಯನ್ನನುಸರಿಸಿ ಮಲೇರಿಯದ ಮದ್ದಾದ ಆರ್ಟೆಮಿಸಿನಿನ್ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಆದರೆ ಪ್ರಯೋಗಶಾಲೆಯು ಸಾರವನ್ನು ಕೈಗೊಂಡಂತೆ ಸಸ್ಯವನ್ನು ಪೋಷಿಸಿದವರನ್ನು ಕೈಹಿಡಿಯಲಿಲ್ಲ.

ಹಾಗೆಂದು ಕಷಾಯವೇ ಸಾಕೆನ್ನಲಾಗದು. ಸೋಲಿಗರಲ್ಲಿ ಕಂಡುಬರುವ ಕುಡುಗೋಲು ಕಣ ರಕ್ತಹೀನತೆಗೆ ರಕ್ತಪರೀಕ್ಷೆಯೂ ನಿರಂತರ ಚಿಕಿತ್ಸೆಯೂ ಬೇಕು, ಬಿಳಿಗಿರಿಯಲ್ಲಿ ಡಾ. ಎಚ್. ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆಯನ್ನು ಬುಡಕಟ್ಟಿನವರ ಬಾಗಿಲಿಗೇ ತಂದದ್ದು ಮಹೋಪಕಾರ. ನನ್ನ ಆಕ್ಷೇಪವಿರುವುದು ಆಸ್ಪತ್ರೆಯ ಮೇಲಲ್ಲ, ಮದ್ದನ್ನು ಸ್ವೀಕರಿಸಿ ಮದ್ದಿನ ವನವನ್ನು ನಿರ್ಲಕ್ಷಿಸುವ ನೀತಿಯ ಮೇಲೆ. 2006ರ ಅರಣ್ಯ ಹಕ್ಕು ಕಾಯಿದೆಯು ಜೀವವೈವಿಧ್ಯಸಂಬಂಧಿಯಾದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೆ ಹಕ್ಕನ್ನಿತ್ತಿದೆ; ಅದೇ ಕಾಯಿದೆಯನ್ವಯ ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಸಮುದಾಯದ ಅರಣ್ಯಹಕ್ಕುಗಳು ದೊರೆತುವು. ಗಡಿಯ ಈಚೆಗಿರುವ ತಾಳವಾಡಿಯ ಗಿರಿಜನರ ಮೂಲಿಕಾಜ್ಞಾನವನ್ನು ಅಭ್ಯಸಿಸಹೊರಡುವವರು ಮೊದಲು ಆ ಹಕ್ಕುಪತ್ರಗಳನ್ನು ಓದಿಕೊಳ್ಳತಕ್ಕದ್ದು.